ಹುಳುಮನೆ, ಕೋಳಿಮನೆ, ಕೊಟ್ಟಿಗೆಗಳ ಛಾವಣಿ ಬದಲಿಸುವಾಗ ವಹಿಸಬೇಕಾದ ಎಚ್ಚರ

ನಮ್ಮ ರಾಜ್ಯದಲ್ಲಿ ರೇಷ್ಮೆ, ಕೋಳಿ ಸಾಕಣೆ ಮತ್ತು ಹೈನುಗಾರಿಕೆ ಇಂದು ಮನೆಮಟ್ಟದ ಉಪಕಸುಬುಗಳಾಗಿ ಉಳಿದಿಲ್ಲ. ಇವುಗಳಿಗೆಂದೇ ಪ್ರತ್ಯೇಕ ಕಟ್ಟಡ ಕಟ್ಟಿಸಿ, ವರ್ಷವಿಡೀ ಆದಾಯ ಪಡೆಯುವ ರೈತರು ಅನೇಕರಿದ್ದಾರೆ. ಹಿಂದೆ ಕಟ್ಟಿಸಿದ ಇಂತಹ ಎಷ್ಟೋ ಕಟ್ಟಡಗಳಿಗೆ ಹೊದಿಸಿರುವುದು ಸಿಮೆಂಟ್ ಶೀಟು, ಅಂದರೆ ಕಲ್ನಾರು ಬೆರೆತ ಸಿಮೆಂಟಿನ ಹಾಳೆ, ಇಲ್ಲವೆ ಸತುವಿನ ಲೇಪನವಿರುವ ತಗಡು. ಕಾಲ ಕಳೆದಂತೆ ಶೀಟು ಬಿರುಕು ಬಿಡುತ್ತದೆ, ತಗಡು ತುಕ್ಕು ಹಿಡಿಯುತ್ತದೆ, ಬೋಲ್ಟಿನ ಸುತ್ತ ನೀರು ಸೋರುತ್ತದೆ. ಆಗ ಛಾವಣಿ ಬದಲಿಸುವುದು ಅನಿವಾರ್ಯ.

ಹೊಸದಾಗಿ ಕಟ್ಟುವ ಕಟ್ಟಡಕ್ಕೆ ಛಾವಣಿ ಹೊದಿಸುವುದಕ್ಕೂ, ಬಳಕೆಯಲ್ಲಿರುವ ಕಟ್ಟಡದ ಛಾವಣಿ ಬದಲಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯದರಲ್ಲಿ ಛಾವಣಿಯ ಕೆಳಗೆ ಜೀವವಿರುತ್ತದೆ. ಪಕ್ಕದಲ್ಲೇ ಹಿಪ್ಪುನೇರಳೆ ತೋಟ, ಮೇವಿನ ಬಣವೆ, ನೀರಿನ ತೊಟ್ಟಿ ಇರುತ್ತವೆ. ಸೋರುವ ಛಾವಣಿಯಿಂದ ಆಗುವ ನಷ್ಟ ಕಣ್ಣಿಗೆ ಕಾಣುತ್ತದೆ. ಆದರೆ ದುರಸ್ತಿಯ ಗದ್ದಲದಲ್ಲಿ ಬಿದ್ದ ಒಂದು ಮೊಳೆಯಿಂದ ಮೂರು ತಿಂಗಳ ನಂತರ ಹಸು ಸತ್ತರೆ, ಕಾರಣ ಛಾವಣಿ ಎಂದು ಯಾರಿಗೂ ಹೊಳೆಯುವುದಿಲ್ಲ. ಆದುದರಿಂದ ಕೆಲಸದ ದಿನ, ಹೊತ್ತು, ಕ್ರಮ ಮತ್ತು ಸಾಮಗ್ರಿ ಇವು ನಾಲ್ಕನ್ನೂ ಕೆಲಸಗಾರರ ಅನುಕೂಲ ನೋಡಿ ನಿರ್ಧರಿಸದೆ, ಛಾವಣಿಯ ಕೆಳಗಿರುವ ಜೀವವನ್ನು ನೋಡಿ ನಿರ್ಧರಿಸಬೇಕು. ಈ ಪಾಠದ ಮುಖ್ಯ ತಿರುಳು ಇದೇ.

ಕೆಲಸಕ್ಕೆ ತಕ್ಕ ಕಾಲ

ದಕ್ಷಿಣ ಒಳನಾಡಿನಲ್ಲಿ ಮುಂಗಾರು ಜೂನ್ ತಿಂಗಳಿನಲ್ಲಿ ಆರಂಭವಾಗುತ್ತದೆ. ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ ಹಿಂಗಾರು ಮಳೆ ಬೀಳುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು, ಗಾಳಿಯೊಡನೆ ಮಳೆ ಬರುವುದು ಸಾಮಾನ್ಯ. ಅರ್ಧ ಬಿಚ್ಚಿದ ಛಾವಣಿಗೆ ಮಳೆಗಿಂತ ಈ ಗಾಳಿಯೇ ದೊಡ್ಡ ಶತ್ರು. ಬಿಗಿಯದ ತಗಡು ಗಾಳಿಗೆ ಎದ್ದು ಹಾರಿದರೆ ಮನುಷ್ಯರಿಗೂ ದನಕರುಗಳಿಗೂ ಅಪಾಯ. ಆದುದರಿಂದ ಜನವರಿಯಿಂದ ಮಾರ್ಚ್ ಮಧ್ಯದವರೆಗಿನ ಅವಧಿ ಈ ಕೆಲಸಕ್ಕೆ ಉತ್ತಮ. ಒಣ ಹವೆ ಇರುತ್ತದೆ. ಬಿಸಿಲಿನ ತಾಪವೂ ಇನ್ನೂ ಏರಿರುವುದಿಲ್ಲ.

ಆದರೆ ಈ ಕಾಲಕ್ಕೂ ಒಂದು ತೊಡಕಿದೆ. ರಾಗಿ ಕೊಯ್ಲು ಮುಗಿದು ಹುಲ್ಲಿನ ಬಣವೆಗಳು ಕೊಟ್ಟಿಗೆಯ ಪಕ್ಕದಲ್ಲೇ ಎದ್ದಿರುತ್ತವೆ. ಹುಲ್ಲು ಚೆನ್ನಾಗಿ ಒಣಗಿರುವುದರಿಂದ ವೆಲ್ಡಿಂಗ್ ಅಥವಾ ಕಬ್ಬಿಣ ಕತ್ತರಿಸುವ ಯಂತ್ರದ ಒಂದು ಕಿಡಿ ಸಾಕು, ವರ್ಷದ ಮೇವು ಬೂದಿಯಾಗುತ್ತದೆ. ಕಬ್ಬಿಣ ಕತ್ತರಿಸುವ, ಬೆಸೆಯುವ ಕೆಲಸವನ್ನೆಲ್ಲ ಬಣವೆಯಿಂದ ದೂರ, ಗಾಳಿ ಬೀಸುವ ದಿಕ್ಕನ್ನು ನೋಡಿ, ನೆಲದ ಮೇಲೆಯೇ ಮುಗಿಸಿಕೊಳ್ಳಬೇಕು. ಮೇಲೆ ಬೋಲ್ಟು ಬಿಗಿಯುವ ಕೆಲಸ ಮಾತ್ರ ಉಳಿಯಬೇಕು. ಕೆಲಸದ ಸ್ಥಳದಲ್ಲಿ ಎರಡು ಪೀಪಾಯಿ ನೀರು, ಎರಡು ಬಕೆಟ್ಟು ಮರಳು ಸಿದ್ಧವಿರಲಿ. ಕೆಲಸ ನಿಂತ ಮೇಲೂ ಒಂದು ಗಂಟೆ ಕಾಲ ಯಾರಾದರೂ ಒಬ್ಬರು ಅಲ್ಲಿ ಕಾವಲಿರಬೇಕು. ಒಳಗೆ ಸೇರಿದ ಕಿಡಿ ತಡವಾಗಿ ಹೊತ್ತಿಕೊಳ್ಳುವುದುಂಟು.

ಹುಳುಮನೆ

ರೇಷ್ಮೆ ಹುಳು ಇರುವಾಗ ಛಾವಣಿ ಮುಟ್ಟಲೇಕೂಡದು. ಇದಕ್ಕೆ ವಿನಾಯಿತಿ ಇಲ್ಲ. ದ್ವಿತಳಿ ಹುಳುಗಳಿಗೆ ನಾಲ್ಕನೆಯ ಹಂತದಲ್ಲಿ ಸುಮಾರು 25 ಡಿಗ್ರಿ ಸೆಂ., ಐದನೆಯ ಹಂತದಲ್ಲಿ ಸುಮಾರು 24 ಡಿಗ್ರಿ ಸೆಂ. ಉಷ್ಣತೆ ಬೇಕು. ಒಂದು ಶೀಟು ತೆಗೆದರೂ ಬಿಸಿಲು ನೇರವಾಗಿ ಒಳಗೆ ಬಿದ್ದು ಈ ಹದ ಕೆಡುತ್ತದೆ. ಜ್ವರಕ್ಕೆ ಕುಳಿತ ಹುಳುಗಳಿಗೆ ಅಲುಗಾಟ, ಗಾಳಿಯ ಹೊಡೆತ ಆಗದು. ಹಣ್ಣಾಗಿ ಗೂಡು ಕಟ್ಟುತ್ತಿರುವ ಹುಳುಗಳಿಗೆ ಅಡಚಣೆಯಾದರೆ ಗೂಡಿನ ಗುಣಮಟ್ಟ ಇಳಿಯುತ್ತದೆ. ಗಾಳಿ ಬಂದಾಗ ತೂರಿಕೋ ಎಂಬಂತೆ, ಎರಡು ಬೆಳೆಗಳ ನಡುವಿನ ಬಿಡುವಿನಲ್ಲೇ ಕೆಲಸ ಮುಗಿಸಬೇಕು.

ಈ ಬಿಡುವಿನ ಲೆಕ್ಕ ಸುಲಭ. ಚಾಕಿ ಹುಳು ತಂದ ದಿನದಿಂದ ಗೂಡು ಬಿಡಿಸುವವರೆಗೆ ಸುಮಾರು 24 ದಿನ ಹಿಡಿಯುತ್ತದೆ. ವರ್ಷಕ್ಕೆ ಐದು ಬೆಳೆ ತೆಗೆಯುವ ರೈತನಿಗೆ ಒಂದು ಬೆಳೆಯಿಂದ ಇನ್ನೊಂದು ಬೆಳೆಗೆ ಸುಮಾರು 73 ದಿನಗಳ ಅಂತರವಿರುವುದರಿಂದ ಮನೆ ಒಂದೂವರೆ ತಿಂಗಳು ಖಾಲಿ ಇರುತ್ತದೆ. ಇಷ್ಟು ಕಾಲ ಧಾರಾಳ. ಆದರೆ ತೋಟವನ್ನು ಎರಡು ಭಾಗ ಮಾಡಿಕೊಂಡು ವರ್ಷಕ್ಕೆ ಹತ್ತು ಬೆಳೆ ತೆಗೆಯುವವರಿಗೆ ಬಿಡುವು ಹನ್ನೆರಡು ದಿನ ಮಾತ್ರ. ಇಷ್ಟರಲ್ಲಿ ಛಾವಣಿ ಬದಲಿಸಿ, ಒಣಗಿಸಿ, ಸೋಂಕು ನಿವಾರಣೆ ಮಾಡಿ ಮತ್ತೆ ಹುಳು ತರುವುದು ಆಗದ ಮಾತು. ಅಂಥವರು ಒಂದು ಬೆಳೆಯನ್ನು ಬಿಟ್ಟುಕೊಡುವುದೇ ಲೇಸು. ಅವಸರದಲ್ಲಿ ಹುಳು ತಂದು ಬೆಳೆ ಕಳೆದುಕೊಂಡರೆ ಸೊಪ್ಪು, ಚಾಕಿಯ ಹಣ, ಕೂಲಿ ಮೂರೂ ಹೋಗುತ್ತವೆ. ಬಿಟ್ಟುಕೊಟ್ಟ ಬೆಳೆಯಲ್ಲಿ ಸೊಪ್ಪಾದರೂ ದನಗಳ ಹೊಟ್ಟೆ ಸೇರುತ್ತದೆ.

ಸೋಂಕು ನಿವಾರಣೆಯನ್ನು ಎರಡು ಬಾರಿ ಮಾಡಬೇಕು. ಮೊದಲನೆಯದು ಗೂಡು ಬಿಡಿಸಿ ಕಸ ತೆಗೆದ ಕೂಡಲೆ, ಛಾವಣಿಗೆ ಕೈ ಹಾಕುವ ಮುನ್ನ. ಹಾಲುತೊಂಡೆ, ಸುಣ್ಣಕಟ್ಟು, ಗಂಟುರೋಗಗಳ ಕಣಗಳು ತೊಲೆ, ಶೀಟಿನ ಒಳಮೈಗಳ ದೂಳಿನಲ್ಲಿ ಸೇರಿಕೊಂಡಿರುತ್ತವೆ. ಹಾಗೆಯೇ ಬಿಚ್ಚಿದರೆ ಆ ದೂಳು ಕೆಲಸಗಾರರ ಬಟ್ಟೆ, ಕಾಲುಗಳ ಮೂಲಕ ಊರಿನ ಇತರ ಹುಳುಮನೆಗಳಿಗೂ ಹೋಗುತ್ತದೆ. ಎರಡನೆಯದು ಎಲ್ಲ ಕೆಲಸ ಮುಗಿದು, ಮನೆ ತೊಳೆದ ಮೇಲೆ, ಚಾಕಿ ಹುಳು ತರುವುದಕ್ಕೆ ನಾಲ್ಕೈದು ದಿನ ಮುಂಚೆ. 100 ಲೀಟರ್ ನೀರಿಗೆ 2 ಕಿ.ಗ್ರಾಂ ಬ್ಲೀಚಿಂಗ್ ಪುಡಿ ಮತ್ತು 300 ಗ್ರಾಂ ಅರಳಿದ ಸುಣ್ಣ ಸೇರಿಸಿದರೆ ದ್ರಾವಣ ಸಿದ್ಧವಾಗುತ್ತದೆ. ಬ್ಲೀಚಿಂಗ್ ಪುಡಿಯ ದ್ರಾವಣ ತಗಡು ಮತ್ತು ಕಬ್ಬಿಣವನ್ನು ತಿನ್ನುತ್ತದೆ. ಆದುದರಿಂದ ಹೊಸ ತಗಡಿನ ಛಾವಣಿ ಇರುವ ಮನೆಯಲ್ಲಿ, ಮನೆ ಮುಚ್ಚಿಟ್ಟ ಅವಧಿ ಮುಗಿದ ನಂತರ ಲೋಹದ ಭಾಗಗಳನ್ನು ಶುದ್ಧ ನೀರಿನಿಂದ ತೊಳೆಯಬೇಕು.

ಮರದ ತೊಲೆ, ರೀಪುಗಳಿಗೆ ಗೆದ್ದಲು ಔಷಧಿ ಬಳಿಯುವ ರೂಢಿ ಇದೆ. ಹುಳುಮನೆಯಲ್ಲಿ ಇದನ್ನು ಎಂದಿಗೂ ಮಾಡಕೂಡದು. ಗೆದ್ದಲನ್ನು ಕೊಲ್ಲುವ ವಿಷ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಗೆದ್ದಲು ತಿಂದ ಮರವನ್ನು ತೆಗೆದು ಕಬ್ಬಿಣದ ಕೊಳವೆ ಹಾಕಿಸುವುದು ಸರಿಯಾದ ದಾರಿ. ಹಾಗೆಯೇ ನೀರು ಚಿಮುಕಿಸಲು ಅಥವಾ ಸೋಂಕು ನಿವಾರಕ ಸಿಂಪಡಿಸಲು, ಬೆಳೆಗೆ ಕೀಟನಾಶಕ ಹೊಡೆದ ಸಿಂಪರಣಾ ಯಂತ್ರವನ್ನು ಬಳಸಬಾರದು. ಬಣ್ಣ ಬಳಿದಿದ್ದರೆ ವಾಸನೆ ಪೂರ್ತಿ ಹೋಗುವವರೆಗೆ ಕಿಟಕಿ ಬಾಗಿಲು ತೆರೆದಿಡಬೇಕು.

1980ರಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟ ಊಜಿ ನೊಣವನ್ನು ತಡೆಯಲು ಕಿಟಕಿಗಳಿಗೆ ಬಲೆ ಹಾಕುವುದು ಎಲ್ಲರಿಗೂ ತಿಳಿದಿದೆ. ಆದರೆ ಹೊಸ ಶೀಟು ಹೊದಿಸಿದಾಗ ಗೋಡೆಯ ಮೇಲೆ, ಶೀಟಿನ ಅಲೆಗಳ ಕೆಳಗೆ ಉಳಿಯುವ ಸಂದುಗಳನ್ನು ಮರೆಯುವವರೇ ಹೆಚ್ಚು. ಈ ಸಂದುಗಳಿಗೂ ನೆತ್ತಿಯ ಗಾಳಿಕಿಂಡಿಗೂ ಬಲೆ ಹೊಡೆಸಿದ ಮೇಲೆಯೇ ಕೆಲಸ ಮುಗಿಯಿತೆಂದು ತಿಳಿಯಬೇಕು.

ಕೋಳಿಮನೆ

ಮಾಂಸದ ಕೋಳಿ ಸಾಕುವವರಿಗೆ ತೊಂದರೆ ಕಡಿಮೆ. ಸುಮಾರು ಆರು ವಾರಗಳಿಗೊಮ್ಮೆ ಎಲ್ಲ ಕೋಳಿಗಳೂ ಒಟ್ಟಿಗೆ ಮಾರಾಟವಾಗಿ ಮನೆ ಖಾಲಿಯಾಗುತ್ತದೆ. ಹಳೆಯ ಹೊಟ್ಟನ್ನು ತೆಗೆದ ಮೇಲೆ, ಹೊಸ ಹೊಟ್ಟು ಹರಡುವ ಮೊದಲು ಛಾವಣಿಯ ಕೆಲಸ ಮಾಡಿಸಬಹುದು.

ಮೊಟ್ಟೆ ಕೋಳಿಗಳ ವಿಷಯ ಬೇರೆ. ಸುಮಾರು 20ನೆಯ ವಾರದಿಂದ 72ನೆಯ ವಾರದವರೆಗೆ, ಕೆಲವೊಮ್ಮೆ ಅದಕ್ಕೂ ಮೀರಿ, ಅವು ಅದೇ ಮನೆಯಲ್ಲಿರುತ್ತವೆ. ಹೀಗಾಗಿ ತಂಡ ಬದಲಾಗುವ ಸಮಯಕ್ಕೇ ಕೆಲಸವನ್ನು ಹೊಂದಿಸಿಕೊಳ್ಳುವುದು ಮೇಲು. ಅಲ್ಲಿಯವರೆಗೆ ಕಾಯಲು ಸಾಧ್ಯವಿಲ್ಲದಷ್ಟು ಛಾವಣಿ ಕೆಟ್ಟಿದ್ದರೆ ಈ ಕ್ರಮ ಅನುಸರಿಸಬೇಕು.

1. ಕೋಳಿಗಳನ್ನೆಲ್ಲ ಮನೆಯ ಒಂದರ್ಧಕ್ಕೆ ತುಂಬಿ ಇನ್ನರ್ಧದಲ್ಲಿ ಕೆಲಸ ಮಾಡಿಸುವುದು ಸರಿಯಲ್ಲ. ನೆಲಹಾಸಿನ ಪದ್ಧತಿಯಲ್ಲಿ ಕೋಳಿಯೊಂದಕ್ಕೆ ಸುಮಾರು 2 ಚದರ ಅಡಿ ಜಾಗ ಬೇಕು. ಅರ್ಧಕ್ಕೆ ತುಂಬಿದರೆ 1 ಚದರ ಅಡಿ ಮಾತ್ರ ಉಳಿಯುತ್ತದೆ. ಆಗ ಒಂದನ್ನೊಂದು ಕುಕ್ಕುವುದು, ಉಸಿರುಕಟ್ಟುವುದು ಆರಂಭವಾಗುತ್ತದೆ.

2. ಎರಡು ಕೈಮರಗಳ ನಡುವಿನ ಅಂಕಣವನ್ನು ಒಂದು ದಿನದ ಕೆಲಸವೆಂದು ತೆಗೆದುಕೊಳ್ಳಬೇಕು. ಆ ಅಂಕಣದಿಂದ ಮಾತ್ರ ಕೋಳಿಗಳನ್ನು ಹೊರಡಿಸಿ, ನಡುವೆ ಗೋಣಿ ಅಥವಾ ಟಾರ್ಪಾಲಿನ ಪರದೆ ಕಟ್ಟಬೇಕು. ಪಂಜರದ ಪದ್ಧತಿಯಾದರೆ ಪಂಜರಗಳ ಮೇಲೆ ಬಿಗಿಯಾಗಿ ಟಾರ್ಪಾಲು ಕಟ್ಟಿ, ಗಾಳಿಯಾಡಲು ಪಕ್ಕಗಳನ್ನು ತೆರೆದಿಡಬೇಕು.

3. ಬೆಳಿಗ್ಗೆ ತೆಗೆದಷ್ಟು ಛಾವಣಿಯನ್ನು ಸಂಜೆಯೊಳಗೆ ಹೊದಿಸಲೇಬೇಕು. ನೆಲಹಾಸು ಒದ್ದೆಯಾದರೆ ರಕ್ತಭೇದಿ ರೋಗ ಮತ್ತು ಅಮೋನಿಯದ ಘಾಟು ಕಾಣಿಸಿಕೊಳ್ಳುತ್ತವೆ.

4. ಕೋಳಿಗಳು ಹೆಚ್ಚಾಗಿ ಬೆಳಗಿನ ಹೊತ್ತಿನಲ್ಲಿ ಮೊಟ್ಟೆಯಿಡುತ್ತವೆ. ಆದುದರಿಂದ ಬಡಿಯುವ, ಕೊರೆಯುವ ಕೆಲಸವನ್ನು ಹನ್ನೊಂದು ಗಂಟೆಯ ನಂತರ ಆರಂಭಿಸಬೇಕು. ಚಳಿಗಾಲದಲ್ಲಿ ಮಾತ್ರ ಇದು ಸಾಧ್ಯ. ಬೇಸಿಗೆಯ ಮಧ್ಯಾಹ್ನ ಕೋಳಿಗಳು ಶಾಖದಿಂದಲೇ ಬಳಲಿರುತ್ತವೆ.

5. ಹಠಾತ್ತನೆ ದೊಡ್ಡ ಸದ್ದಾದರೆ ಕೋಳಿಗಳು ಹೆದರಿ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಮೂಲೆಗಳನ್ನು ತಡಿಕೆಯಿಂದ ದುಂಡಗೆ ಮಾಡಬೇಕು. ಕೆಲಸ ನಡೆಯುವಷ್ಟು ಹೊತ್ತೂ ಕೋಳಿಗಳಿಗೆ ಪರಿಚಿತನಾದ ಆಳು ಒಳಗಿರಬೇಕು. ಶೀಟುಗಳನ್ನು ಮೇಲಿನಿಂದ ಎಸೆಯದೆ ಹಗ್ಗ ಕಟ್ಟಿ ಇಳಿಸಬೇಕು.

6. ಛಾವಣಿ ಕೆಲಸಗಾರರು ನೆನ್ನೆ ಬೇರೊಂದು ಕೋಳಿ ಫಾರಂನಲ್ಲಿ ಕೆಲಸ ಮಾಡಿರಬಹುದು. ಅವರ ಚಪ್ಪಲಿ, ಏಣಿ, ಹಗ್ಗಗಳ ಮೂಲಕ ರಾಣಿಖೇತ್‌ನಂತಹ ರೋಗ ಬರಬಹುದು. ಬಾಗಿಲಲ್ಲಿ ಕಾಲು ಅದ್ದುವ ಸೋಂಕು ನಿವಾರಕದ ತೊಟ್ಟಿ ಇಡಬೇಕು. ಉಪಕರಣಗಳನ್ನು ತೊಳೆಸಿಯೇ ಒಳಗೆ ಬಿಡಬೇಕು.

ಲಸಿಕೆ ಹಾಕಿಸಿದ ಅಥವಾ ಕೊಕ್ಕು ಕತ್ತರಿಸಿದ ವಾರದಲ್ಲಿ ಕೆಲಸ ಇಟ್ಟುಕೊಳ್ಳಬಾರದು. ಒಂದು ಆಯಾಸದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ.

ಕೊಟ್ಟಿಗೆ

ಹಸು, ಎಮ್ಮೆಗಳನ್ನು ಹೊರಗೆ ಕಟ್ಟಬಹುದಾದುದರಿಂದ ಕೊಟ್ಟಿಗೆಯ ಕೆಲಸ ಸುಲಭವೆಂದು ರೈತರು ತಿಳಿಯುವುದುಂಟು. ನಿಜವಾದ ಅಪಾಯ ಕೆಲಸ ಮುಗಿದ ಮೇಲೆ ಉಳಿಯುತ್ತದೆ. ದನಗಳು ಮೇವನ್ನು ಆರಿಸಿ ತಿನ್ನುವುದಿಲ್ಲ. ಮೊದಲು ನುಂಗಿ, ಆಮೇಲೆ ಮೆಲುಕು ಹಾಕುತ್ತವೆ. ಮೇವಿನೊಡನೆ ಹೋದ ಮೊಳೆ ಅಥವಾ ತಂತಿಯ ತುಂಡು ಹೊಟ್ಟೆಯ ಎರಡನೆಯ ಚೀಲದಲ್ಲಿ ತಂಗುತ್ತದೆ. ಈ ಚೀಲಕ್ಕೂ ಹೃದಯಕ್ಕೂ ನಡುವೆ ಇರುವುದು ವಪೆಯ ತೆಳು ಪರದೆ ಮಾತ್ರ. ಚೂಪಾದ ತಂತಿ ಅದನ್ನು ಚುಚ್ಚಿಕೊಂಡು ಹೃದಯದ ಹೊದಿಕೆಯನ್ನು ತಲುಪಿದರೆ ಹಸು ಉಳಿಯುವುದು ಕಷ್ಟ. ಮೇವು ಬಿಡುವುದು, ಹಾಲು ಇದ್ದಕ್ಕಿದ್ದಂತೆ ಇಳಿಯುವುದು, ಬೆನ್ನು ಬಾಗಿಸಿ ಮೊಣಕೈ ಹೊರಚಾಚಿ ನಿಲ್ಲುವುದು, ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಮುಂದೆ ಗಂಟಲ ಕೆಳಗೆ, ಎದೆಯ ಬಳಿ ನೀರು ತುಂಬಿದಂತೆ ಊತ ಬರುವುದು ಇದರ ಲಕ್ಷಣಗಳು. ಇವು ಕಂಡ ಕೂಡಲೆ ಪಶುವೈದ್ಯರಿಗೆ ತೋರಿಸಿ, ಇತ್ತೀಚೆಗೆ ಛಾವಣಿ ಕೆಲಸ ನಡೆದಿರುವುದನ್ನು ತಪ್ಪದೆ ತಿಳಿಸಬೇಕು.

ಹುಳುಮನೆಯ ಕೆಲಸದಿಂದಲೂ ಈ ಅಪಾಯ ಉಂಟು. ಹುಳು ತಿಂದು ಉಳಿಸಿದ ಸೊಪ್ಪು, ಕಡ್ಡಿಗಳು ದನಗಳ ಗೋದಲಿ ಸೇರುತ್ತವೆ. ಹುಳುಮನೆಯ ನೆಲದಲ್ಲಿ ಉಳಿದ ತಂತಿಯೂ ಅದೇ ದಾರಿ ಹಿಡಿಯುತ್ತದೆ. ಆದುದರಿಂದ ಯಾವ ಕಟ್ಟಡದ ಛಾವಣಿ ಬದಲಿಸಿದರೂ ದಿನದ ಕೆಲಸ ನಿಂತ ಮೇಲೆ ಅಯಸ್ಕಾಂತದಿಂದ ನೆಲ ಜಾಲಾಡಬೇಕು. ಹಳೆಯ ಧ್ವನಿವರ್ಧಕದ ಅಯಸ್ಕಾಂತಗಳನ್ನು ಕೋಲಿಗೆ ಕಟ್ಟಿಕೊಂಡರೂ ಸಾಕು. ಅಲ್ಯೂಮಿನಿಯಂ ತುಣುಕುಗಳನ್ನು ಅಯಸ್ಕಾಂತ ಎತ್ತುವುದಿಲ್ಲ. ಅವನ್ನು ಕಣ್ಣಿನಿಂದಲೇ ಹುಡುಕಬೇಕು. ಕೆಲಸಗಾರನಿಗೆ ಬೋಲ್ಟು, ಮೊಳೆಗಳನ್ನು ಎಣಿಸಿ ಕೊಟ್ಟು, ಉಳಿದದ್ದನ್ನೂ ಬಿಚ್ಚಿದ ಹಳೆಯವನ್ನೂ ಎಣಿಸಿ ಪಡೆಯುವುದು ಒಳ್ಳೆಯ ರೂಢಿ.

ಎರಡನೆಯ ಅಪಾಯ ಹಳೆಯ ಬಣ್ಣ. ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗಗಳನ್ನು ಮೀರಕೂಡದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಹೊರಡಿಸಿತು. ಅದಕ್ಕೂ ಹಿಂದಿನ ಬಣ್ಣಗಳಲ್ಲಿ ಸೀಸ ಹೆಚ್ಚಿರಬಹುದು. ತೊಲೆ ಕಂಬಗಳಿಂದ ಕೆರೆದ ಬಣ್ಣದ ಚಕ್ಕೆಗಳನ್ನು ದನಗಳು, ಅದರಲ್ಲೂ ಕರುಗಳು ನೆಕ್ಕಿದರೆ ಸೀಸದ ವಿಷ ಏರುತ್ತದೆ. ಕೆರೆಯುವಾಗ ಕೆಳಗೆ ಟಾರ್ಪಾಲು ಹಾಸಿ, ಚಕ್ಕೆಗಳನ್ನು ಸಂಪೂರ್ಣ ಎತ್ತಬೇಕು. ಅವನ್ನು ತಿಪ್ಪೆಗೆ ಹಾಕಕೂಡದು.

ಹಾಲು ಕರೆಯುವ ಹೊತ್ತಿನಲ್ಲಿ ಸದ್ದು ನಿಲ್ಲಿಸಬೇಕು. ಬೆದರಿದ ಹಸು ಸೊರ ಬಿಡುವುದಿಲ್ಲ. ಕೆಚ್ಚಲಲ್ಲಿ ಹಾಲು ಉಳಿದರೆ ಕೆಚ್ಚಲು ಬಾವಿಗೆ ದಾರಿಯಾಗುತ್ತದೆ. ಬೆಳಗಿನ ಹಾಲು ಕರೆದ ಮೇಲೆ ಕೆಲಸ ಆರಂಭಿಸಿ ಸಂಜೆಯ ಹಾಲಿಗೆ ಒಂದು ಗಂಟೆ ಮುಂಚೆ ನಿಲ್ಲಿಸುವುದು ಸರಿಯಾದ ಕ್ರಮ. ತುಂಬು ಗಬ್ಬದ ಹಸುಗಳನ್ನು ಕೆಲಸ ಮುಗಿಯುವವರೆಗೆ ಬೇರೆಡೆ ನೆರಳಿನಲ್ಲಿ ಕಟ್ಟಬೇಕು.

ಕಲ್ನಾರು ಶೀಟುಗಳನ್ನು ಇಳಿಸುವ ಬಗೆ

ಕಲ್ನಾರು ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಎಳೆಗಳಾಗಿ ಒಡೆಯುವ ಖನಿಜ. ಸಿಮೆಂಟಿನಲ್ಲಿ ಬಂಧಿಯಾಗಿರುವವರೆಗೆ ಅದರಿಂದ ತೊಂದರೆ ಕಡಿಮೆ. ಶೀಟನ್ನು ಒಡೆದಾಗ, ಕೊಯ್ದಾಗ, ಉಜ್ಜಿದಾಗ ಎಳೆಗಳು ಗಾಳಿಗೆ ಸೇರುತ್ತವೆ. ಉಸಿರಿನೊಡನೆ ಒಳಹೋದ ಎಳೆಗಳು ಶ್ವಾಸಕೋಶದಲ್ಲೇ ಉಳಿಯುತ್ತವೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟಪಡಿಸಿದೆ. ರೋಗ ಹೊರಬೀಳಲು ಇಪ್ಪತ್ತು, ಮೂವತ್ತು ವರ್ಷಗಳೇ ಹಿಡಿಯುವುದರಿಂದ ಜನ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಳಿಸುವಾಗ ಈ ಕೆಳಗಿನ ನಿಯಮಗಳನ್ನು ಪಾಲಿಸಬೇಕು.

1. ಬೋಲ್ಟುಗಳನ್ನು ಹಿಂದಿನ ದಿನವೇ ಎಣ್ಣೆ ಬಿಟ್ಟು ನೆನೆಸಿ, ತಿರುಗಿಸಿ ಬಿಚ್ಚಬೇಕು. ತುಕ್ಕು ಹಿಡಿದಿದ್ದರೆ ಬೋಲ್ಟನ್ನು ಕತ್ತರಿಸಬೇಕೇ ಹೊರತು ಶೀಟನ್ನು ಸುತ್ತಿಗೆಯಿಂದ ಒಡೆಯಕೂಡದು.

2. ಬಿಚ್ಚುವ ಮೊದಲು ಶೀಟಿನ ಮೇಲೆ ಸಣ್ಣ ಹನಿಯಾಗಿ ನೀರು ಸಿಂಪಡಿಸಿ ದೂಳು ಏಳದಂತೆ ಮಾಡಬೇಕು. ನೆನೆದ ಶೀಟು ಜಾರುತ್ತದೆ. ಆದುದರಿಂದ ಏಣಿಯ ಮೇಲೆ ಅಥವಾ ಸಾರುವೆಯ ಮೇಲೆ ನಿಂತು ಸಿಂಪಡಿಸಬೇಕು. ಶೀಟಿನ ಮೇಲೆ ಕಾಲಿಡಕೂಡದು.

3. ಶೀಟುಗಳನ್ನು ಇಡಿಯಾಗಿಯೇ ಇಳಿಸಬೇಕು. ಚಕ್ರದ ಗರಗಸ ಬಳಸಕೂಡದು.

4. ಮುಖಕ್ಕೆ ಟವೆಲು ಸುತ್ತಿಕೊಂಡರೆ ಈ ಎಳೆಗಳು ನಿಲ್ಲುವುದಿಲ್ಲ. ಮುಖಕ್ಕೆ ಬಿಗಿಯಾಗಿ ಕೂರುವ ಎಫ್.ಎಫ್.ಪಿ. 3 ದರ್ಜೆಯ ಉಸಿರುಗವಸು ಬೇಕು. ಕೆಲಸದ ಬಟ್ಟೆಯನ್ನು ಮನೆಗೆ ಒಯ್ದು ಇತರ ಬಟ್ಟೆಗಳ ಜೊತೆ ಒಗೆಯಬಾರದು.

5. ಒಣ ಪೊರಕೆಯಿಂದ ಗುಡಿಸಕೂಡದು. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆ ಮತ್ತು ತುಂಡುಗಳನ್ನು ದಪ್ಪ ಪಾಲಿಥೀನ್ ಚೀಲದಲ್ಲಿ ಕಟ್ಟಿಡಬೇಕು.

6. ಒಡೆದ ಶೀಟನ್ನು ಗೊಬ್ಬರದ ಗುಂಡಿಗೆ ಮುಚ್ಚಳವಾಗಿ, ದಾರಿಯ ಕೆಸರಿಗೆ ಹಾಸಾಗಿ, ಬದುವಿಗೆ ತಡೆಯಾಗಿ ಬಳಸುವ ರೂಢಿಯನ್ನು ಬಿಡಬೇಕು. ಗಾಡಿಯ ಚಕ್ರದ ಕೆಳಗೆ ಅದು ದಿನವೂ ಪುಡಿಯಾಗುತ್ತದೆ. ವಿಲೇವಾರಿಯ ಬಗ್ಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಬೇಕು.

ಹೊಸದಾಗಿ ಸಿಮೆಂಟ್ ಶೀಟನ್ನೇ ಹಾಕಿಸುವವರು ಕಲ್ನಾರಿಲ್ಲದ ಶೀಟನ್ನು ಕೇಳಿ ಕೊಳ್ಳಬೇಕು. ತಗಡು ಹಾಕಿಸುವವರು ತಿಳಿಬಣ್ಣದ್ದನ್ನು ಆರಿಸಿ, ಕೆಳಗೆ ತಡಿಕೆಯ ಒಳಛಾವಣಿ ಕೊಟ್ಟರೆ ಬೇಸಿಗೆಯ ತಾಪ ತಗ್ಗುತ್ತದೆ. ಹುಳುಮನೆಗೆ ಬರಿಯ ತಗಡು ಹೊಂದುವುದಿಲ್ಲ.

ಕೆಲಸಗಾರನ ಪ್ರಾಣ

ಹಳೆಯ ಸಿಮೆಂಟ್ ಶೀಟು ನೋಡಲು ಗಟ್ಟಿ, ಕಾಲಿಟ್ಟರೆ ಗಾಜು. ಅದು ಮುರಿಯುವ ಮುನ್ನ ಬಾಗುವುದಿಲ್ಲ, ಸದ್ದೂ ಮಾಡುವುದಿಲ್ಲ. ಹತ್ತು ಹನ್ನೆರಡು ಅಡಿ ಎತ್ತರದಿಂದ ಬಿದ್ದು ಪ್ರಾಣ ಹೋಗುವುದುಂಟು, ಬೆನ್ನುಹುರಿ ಮುರಿದು ಬಾಳೆಲ್ಲ ಮಲಗುವುದುಂಟು. ಬೋಲ್ಟಿನ ಸಾಲಿನ ಮೇಲೆ ನಡೆದರೆ ಏನೂ ಆಗುವುದಿಲ್ಲವೆಂಬ ನಂಬಿಕೆ ತಪ್ಪು. ಬೆಳಕಿಗೆಂದು ಹಾಕಿದ ಪಾರದರ್ಶಕ ಹಾಳೆಗಳು ದೂಳು, ಪಾಚಿ ಹಿಡಿದು ಸಾಮಾನ್ಯ ಶೀಟಿನಂತೆಯೇ ಕಾಣುವುದರಿಂದ ಅವು ಇನ್ನೂ ಅಪಾಯಕಾರಿ. ಅವುಗಳ ಸುತ್ತ ಮೊದಲೇ ಗುರುತು ಹಾಕಬೇಕು.

ಆದಷ್ಟೂ ಕೆಳಗಿನಿಂದ, ಸಾರುವೆ ಕಟ್ಟಿಕೊಂಡು ಕೆಲಸ ಮಾಡುವುದು ಎಲ್ಲಕ್ಕಿಂತ ಸುರಕ್ಷಿತ. ಮೇಲೆ ಹೋಗಲೇಬೇಕಾದರೆ ಒಂದೂವರೆ ಅಡಿ ಅಗಲದ, ಕನಿಷ್ಠ ಎರಡು ಅಡ್ಡತೊಲೆಗಳ ಮೇಲೆ ಭದ್ರವಾಗಿ ಕೂರುವಷ್ಟು ಉದ್ದದ ಹಲಗೆಗಳನ್ನು ಹಾಕಬೇಕು. ಮುಂದಿನ ಹಲಗೆ ಇಟ್ಟ ಮೇಲೆಯೇ ಹಿಂದಿನದನ್ನು ಎತ್ತಬೇಕು. ಸೊಂಟದ ಪಟ್ಟಿಯ ಹಗ್ಗವನ್ನು ಗಟ್ಟಿಯಾದ ತೊಲೆಗೆ ಕಟ್ಟಬೇಕು, ಶೀಟಿನ ಬೋಲ್ಟಿಗೆ ಕಟ್ಟಬಾರದು. ಕೆಳಗೆ ಬಲೆ ಕಟ್ಟಿದರೆ ಬೀಳುವ ಮನುಷ್ಯನನ್ನೂ ಬೀಳುವ ಉಪಕರಣವನ್ನೂ ಅದು ತಡೆಯುತ್ತದೆ. ಕಟ್ಟಡದ ಬಳಿ ವಿದ್ಯುತ್ ತಂತಿ ಹಾದುಹೋಗಿದ್ದರೆ ವಿದ್ಯುತ್ ಕಂಪನಿಯ ಶಾಖಾ ಕಚೇರಿಗೆ ಮುಂಚಿತವಾಗಿ ತಿಳಿಸಿ, ಸಂಪರ್ಕ ತೆಗೆಸಿದ ಮೇಲೆಯೇ ಉದ್ದನೆಯ ತಗಡುಗಳನ್ನು ಎತ್ತಬೇಕು.

ಸುತ್ತಮುತ್ತಲಿನ ರಕ್ಷಣೆ

ಛಾವಣಿಯ ನೀರನ್ನು ತೊಟ್ಟಿಗೆ ಹಿಡಿಯುವ ಏರ್ಪಾಡಿದ್ದರೆ ಕೆಲಸಕ್ಕೆ ಮುಂಚೆ ಕೊಳವೆಯನ್ನು ಕಳಚಿಡಬೇಕು. ತೊಟ್ಟಿ, ಬಾವಿಗಳನ್ನು ಮುಚ್ಚಬೇಕು. ಹೊಸ ಛಾವಣಿಯ ಮೇಲೆ ಬಿದ್ದ ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಬೇಕು. ಒಂದು ಚದರ ಮೀಟರ್ ಛಾವಣಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 60 ಚದರ ಮೀಟರ್ ಛಾವಣಿಗೆ 25 ಮಿ.ಮೀ. ಮಳೆಯಾದರೆ 1,500 ಲೀಟರ್. ಇಷ್ಟು ನೀರು ಚೆಲ್ಲುವಾಗ ಮನಸ್ಸಿಗೆ ಕಷ್ಟವೆನಿಸಿದರೂ ದೂಳು, ಸಿಮೆಂಟು, ಬಣ್ಣಗಳೆಲ್ಲ ಅದರಲ್ಲೇ ಇರುತ್ತವೆ.

ಸೂರಿಗೆ ಹತ್ತಿರವಿರುವ ಹಿಪ್ಪುನೇರಳೆ ಸಾಲುಗಳ ಸೊಪ್ಪನ್ನು ಮುಂದಿನ ಬೆಳೆಯ ಹುಳುಗಳಿಗೆ ಕೊಡದೆ ಕತ್ತರಿಸಿ ಹಾಕಿ, ಹೊಸ ಚಿಗುರು ಬಂದ ಮೇಲೆ ಬಳಸಬೇಕು. ಜೇನು ಪೆಟ್ಟಿಗೆಗಳಿದ್ದರೆ ಅವನ್ನು ಕೆಲವೇ ಮಾರು ದೂರಕ್ಕೆ ಸರಿಸಿ ಪ್ರಯೋಜನವಿಲ್ಲ. ಹೊರಗೆ ಹೋದ ಜೇನುಗಳು ಹಳೆಯ ಜಾಗಕ್ಕೇ ಮರಳುತ್ತವೆ. ರಾತ್ರಿ ಬಾಗಿಲು ಮುಚ್ಚಿ ಬೇರೆ ತೋಟಕ್ಕೆ ಸಾಗಿಸಬೇಕು. ಸೂರಿನಲ್ಲಿ ಅಥವಾ ಪಕ್ಕದ ಮರದಲ್ಲಿ ಹೆಜ್ಜೇನು ಕಟ್ಟಿದ್ದರೆ ಅದು ಎದ್ದುಹೋಗುವವರೆಗೆ ಕೆಲಸ ಮುಂದೂಡುವುದು ಕ್ಷೇಮ.

ಹುಳುಮನೆಗೆ ಒಂದು ಮಾದರಿ ವೇಳಾಪಟ್ಟಿ

ವರ್ಷಕ್ಕೆ ಐದು ಬೆಳೆ ತೆಗೆಯುವ ರೈತನೊಬ್ಬ ಗೂಡು ಬಿಡಿಸಿದ ದಿನವನ್ನು ಮೊದಲನೆಯ ದಿನವೆಂದು ಇಟ್ಟುಕೊಂಡರೆ ಕೆಲಸವನ್ನು ಹೀಗೆ ಹಂಚಬಹುದು.

1 ರಿಂದ 3ನೆಯ ದಿನ: ಕಸ, ಹಿಕ್ಕೆ, ಸತ್ತ ಹುಳು ತೆಗೆಯುವುದು, ಮೊದಲ ಸೋಂಕು ನಿವಾರಣೆ.
4ನೆಯ ದಿನ: ಸ್ಟ್ಯಾಂಡು, ಚಂದ್ರಿಕೆಗಳನ್ನು ಹೊರಗೆ ಸಾಗಿಸುವುದು, ತೊಟ್ಟಿ, ಬಣವೆ ಮುಚ್ಚುವುದು, ಸಾರುವೆ ಮತ್ತು ಬಲೆ ಕಟ್ಟುವುದು.
5 ಮತ್ತು 6ನೆಯ ದಿನ: ಹಳೆಯ ಶೀಟು ಇಳಿಸಿ ಕಟ್ಟಿಡುವುದು.
7 ಮತ್ತು 8ನೆಯ ದಿನ: ತೊಲೆಗಳ ಪರೀಕ್ಷೆ, ದುರಸ್ತಿ, ಬಣ್ಣ.
9 ರಿಂದ 11ನೆಯ ದಿನ: ಹೊಸ ಛಾವಣಿ ಹೊದಿಸುವುದು, ಸಂದುಗಳಿಗೆ ಬಲೆ.
12ನೆಯ ದಿನ: ಮೇಲೆ ನೀರು ಬಿಟ್ಟು ಸೋರಿಕೆ ಪರೀಕ್ಷೆ, ಅಯಸ್ಕಾಂತದಿಂದ ನೆಲ, ಅಂಗಳ ಜಾಲಾಡುವುದು.
13 ರಿಂದ 40ನೆಯ ದಿನ: ಕಿಟಕಿ ತೆರೆದು ಒಣಗಲು, ವಾಸನೆ ಹೋಗಲು ಬಿಡುವುದು.
ಚಾಕಿ ತರುವ ನಾಲ್ಕೈದು ದಿನ ಮುಂಚೆ: ತೊಳೆದು ಎರಡನೆಯ ಸೋಂಕು ನಿವಾರಣೆ.

ಕೆಲಸದ ಒಪ್ಪಂದ

ಇಷ್ಟೆಲ್ಲವನ್ನೂ ಗುತ್ತಿಗೆದಾರನಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಕೆಲಸ ಆರಂಭಿಸುವ ಮತ್ತು ನಿಲ್ಲಿಸುವ ಹೊತ್ತು, ದಿನಕ್ಕೆ ಬಿಚ್ಚುವ ಭಾಗ, ಸಂಜೆಯೊಳಗೆ ಹೊದಿಸುವ ಹೊಣೆ, ಮೊಳೆ ಮತ್ತು ಚೂರುಗಳನ್ನು ಹೆಕ್ಕುವ ಹೊಣೆ, ಹಳೆಯ ಶೀಟಿನ ವಿಲೇವಾರಿ, ಹಲಗೆ ಬಲೆಗಳ ಖರ್ಚು ಇವನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಚದರ ಅಡಿಗೆ ಇಷ್ಟೆಂದು ಮಾತ್ರ ಮಾತಾದರೆ ಕೆಲಸಗಾರ ಬೇಗ ಮುಗಿಸಲು ನೋಡುತ್ತಾನೆ. ಅದು ಅವನ ತಪ್ಪಲ್ಲ. ನಿಧಾನಕ್ಕೂ ಎಚ್ಚರಕ್ಕೂ ಕೂಲಿ ಸೇರಿಸಿ ಮಾತಾಡಿದರೆ ಅವನೂ ಹಾಗೆಯೇ ಕೆಲಸ ಮಾಡುತ್ತಾನೆ. ಹಣದ ಒಂದು ಭಾಗವನ್ನು ಮೊದಲ ಮಳೆಯ ನಂತರ ಕೊಡುವುದೆಂದು ಗೊತ್ತುಮಾಡಿಕೊಂಡರೆ ಸೋರಿಕೆಯನ್ನೂ ಅವನೇ ಸರಿಪಡಿಸುತ್ತಾನೆ.

ಮನನಕ್ಕೆ ಪ್ರಶ್ನೆಗಳು

1. ಹುಳುಮನೆಯಲ್ಲಿ ಛಾವಣಿ ಬದಲಿಸುವಾಗ ಸೋಂಕು ನಿವಾರಣೆಯನ್ನು ಎರಡು ಬಾರಿ ಮಾಡುವುದು ಏಕೆ?
2. ನಿಮ್ಮ ಹುಳುಮನೆ ಎರಡು ಬೆಳೆಗಳ ನಡುವೆ ಎಷ್ಟು ದಿನ ಖಾಲಿ ಇರುತ್ತದೆ? ಲೆಕ್ಕ ಮಾಡಿ.
3. ಮೊಟ್ಟೆ ಕೋಳಿಗಳನ್ನು ಮನೆಯ ಅರ್ಧಭಾಗಕ್ಕೆ ತುಂಬುವುದರಿಂದ ಆಗುವ ತೊಂದರೆಗಳಾವುವು?
4. ಹುಳುಮನೆಯಲ್ಲಿ ಬಿದ್ದ ತಂತಿಯ ತುಂಡು ಹಸುವಿನ ಹೊಟ್ಟೆ ಸೇರುವುದು ಹೇಗೆ? ಇದನ್ನು ತಡೆಯುವ ಬಗೆ ಯಾವುದು?
5. ಕಲ್ನಾರು ಶೀಟನ್ನು ನೆನೆಸಿ ಇಳಿಸಬೇಕು, ಆದರೆ ಅದರ ಮೇಲೆ ನಿಲ್ಲಕೂಡದು. ಕಾರಣವೇನು?
6. ನಿಮ್ಮ ಕೊಟ್ಟಿಗೆಯ ಸುತ್ತ ಇಪ್ಪತ್ತು ಮಾರಿನೊಳಗೆ ಏನೇನಿದೆ? ಛಾವಣಿ ಕೆಲಸಕ್ಕೆ ಮುಂಚೆ ಅವುಗಳಲ್ಲಿ ಯಾವುದನ್ನು ಸಾಗಿಸಬೇಕು, ಯಾವುದನ್ನು ಮುಚ್ಚಬೇಕು ಎಂಬ ಪಟ್ಟಿ ಮಾಡಿ.